ಯಾರದು?

ಕುತೈಸಿಯ ನಮ್ಮ ಅಂಧರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ
ಚುಕ್ಕಿ ಒತ್ತುವ ಯಂತ್ರ ಹನ್ನೆರಡು ದಿನದಿಂದ ಮೂಕ.
ಹಳೆಯ ಕಂಪ್ಯೂಟರು ಸತ್ತಿತು. ಹೊಸದಕ್ಕೆ
ಜಾರ್ಜಿಯದ ಮೂವತ್ತಮೂರು ಅಕ್ಷರಗಳನ್ನು
ಬೆರಳಿಗೆ ತಿಳಿಯುವಂತೆ ಹೇಳಲು ಬಾರದು.
ನಮ್ಮ ಯಂತ್ರಕ್ಕೆ ಅದನ್ನು ಕಲಿಸಿದವನು ಒಬ್ಬನೇ, ಮಲ್ಖಾಜ್:
ಹಗಲೆಲ್ಲ ಲಿಫ್ಟ್ ರಿಪೇರಿ,
ರಾತ್ರಿ ನಮಗಾಗಿ ಪ್ರೋಗ್ರಾಮು.

ಲಿಂಕೊಂದು ಬಂತು, ಅವನದೇ ಹೆಸರಿನಲ್ಲಿ.
ಒತ್ತಿದೆ. ಪರದೆ ಓದುವ ಹೆಂಗಸು,
ಒಮ್ಮೆಯೂ ಕೆಮ್ಮದವಳು, ಹೇಳಿದಳು:
‘ತಯಾರಕರು ಅಪರಿಚಿತ.
ಇದು ನಿಮ್ಮ ಕಂಪ್ಯೂಟರಿಗೆ ಹಾನಿ ಮಾಡಬಹುದು.’

ನಗು ಬಂತು.
ಮಲ್ಖಾಜ್ ಅಪರಿಚಿತನೇ?
ಉಂಗುರದ ಬೆರಳಿನಿಂದ ಎರಡು ಸಲ, ತಡೆದು ಇನ್ನೊಂದು ಸಲ
ಬಾಗಿಲು ಬಡಿಯುವವನು.
ಯಾರದು ಅಂದರೆ ‘ನಾನು’ ಅನ್ನುವವನು.
ಲೋಕವೆಲ್ಲ ಹಾಗೇ ಅನ್ನುತ್ತದೆ, ನಾನು, ನಾನು,
ಕೇಳಿದವರು ದನಿಗೆ ಚಿಲಕ ತೆಗೆಯುತ್ತಾರೆ, ಮಾತಿಗಲ್ಲ.

ಲಮಾರಾ ಅಂದಳು, ‘ಕಾವಲನ್ನೇ ತೆಗೆದುಬಿಡೋಣ, ಗೋಚಾ,
ಸೆಟ್ಟಿಂಗಿನಲ್ಲಿ ಒಂದು ಗುಂಡಿ ಅಷ್ಟೆ.’
ಬೇಡ ಅಂದೆ.
ಇಲಿ ಹಿಡಿಯಲಿಲ್ಲವೆಂದು ಬೆಕ್ಕನ್ನು ಓಡಿಸುವುದಲ್ಲ,
ನಾಳೆ ಬರುವವನು ಮಲ್ಖಾಜ್ ಆಗಿರುವುದಿಲ್ಲ.

ಆ ಕಡತದ ಮುದ್ರೆ ಏನೆಂದು ಕಂಪ್ಯೂಟರನ್ನೇ ಕೇಳಿದೆ.
ಅರವತ್ತನಾಲ್ಕು ಅಕ್ಷರ, ಅಂಕೆ, ಅರ್ಥವಿಲ್ಲದ ಉದ್ದ ಜಪ.
ಸ್ಲೇಟಿಟ್ಟು ಮೊನೆಯಿಂದ ಒಂದೊಂದೇ ಚುಚ್ಚಿಕೊಂಡೆ.
ಆಮೇಲೆ ಫೋನು.

ಎತ್ತಿದವಳು ತ್ಸಿಯಾಲಾ, ಅವನ ಹೆಂಡತಿ.
ಮಲ್ಖಾಜನಿಗೆ ಶರತ್ಕಾಲದಲ್ಲಿ ಲಕ್ವ ಹೊಡೆದಿತ್ತು,
ಬಲಗೈ ಹೋಯಿತು, ಮಾತು ಹೋಯಿತು.
ನಮಗೆ ಯಾರೂ ಹೇಳಿರಲಿಲ್ಲ.
ಯಾರೂ ಹೇಳಲಿಲ್ಲ ಅಂದೆನಲ್ಲ: ನಾವು ಯಾರೂ ಕೇಳಿರಲಿಲ್ಲ.

‘ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ, ಡ್ರಾಯರಿನಲ್ಲಿದೆ, ಓದಲೇ?’
ಓದಿದಳು. ಮೊದಲ ಅಕ್ಷರವೇ ಬೇರೆ.
ಎರಡನೆಯದು ಬೇರೆ. ಮೂರನೆಯದೂ.
ಬೆರಳು ತಣ್ಣಗಾಯಿತು.
ಅವನ ಹೆಸರು ತೊಟ್ಟು ಬಂದವನು ಅವನಲ್ಲ.
ಮೂರು ತಿಂಗಳಿಂದ ಒಂದಕ್ಷರ ಒತ್ತಲಾಗದವನು
ನನಗೆ ಲಿಂಕು ಕಳಿಸುವುದು ಹೇಗೆ?
ಅಳಿಸಿದೆ. ಕೆಮ್ಮದ ಹೆಂಗಸಿನಲ್ಲಿ
ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಅದೇ ಡ್ರಾಯರಿನಿಂದ ಮರುದಿನ
ಪೆನ್‌ಡ್ರೈವೊಂದು ಮಾರ್ಷ್ರುತ್ಕಾದ ಡ್ರೈವರನ ಜೇಬಿನಲ್ಲಿ ಬಂತು,
ಬ್ರೆಡ್ಡಿನ ಕಾಗದದಲ್ಲಿ ಸುತ್ತಿ.
ಹಾಕಿದೆ. ಅವಳು ಹೇಳಿದಳು:
‘ತಯಾರಕರು ಅಪರಿಚಿತ.’
ಕಳ್ಳನಿಗೆ ಹೇಳಿದ ಅದೇ ಮಾತು, ಅದೇ ದನಿ.
ಅವಳ ತಪ್ಪಲ್ಲ. ಬಾಗಿಲ ತೂತಿನಿಂದ ಅಷ್ಟೇ ಕಾಣುವುದು.

ಮತ್ತೆ ಸ್ಲೇಟು, ಮತ್ತೆ ಫೋನು.
ಇಪ್ಪತ್ತರವರೆಗೆ ಸರಿ. ಇಪ್ಪತ್ತೊಂದು:
ಅವಳು ಆರು ಅಂದಳು, ನನ್ನ ಬೆರಳಡಿ ಬಿ.
ಇಬ್ಬರೂ ಸುಮ್ಮನಾದೆವು.
ಆ ಕಡೆಯಿಂದ ಟಕ್.
‘ಕನ್ನಡಕ ತೋರಿಸುತ್ತಿದ್ದಾರೆ,’ ಅಂದಳು, ‘ತಾಳಿ, ಹಾಕಿಕೊಳ್ಳುತ್ತೇನೆ...
ಹೌದು ಕಣ್ರೀ, ಬಿ. ಇವರ ಅಕ್ಷರವೋ, ಕೋಳಿಕಾಲು.’
ಅರವತ್ತನಾಲ್ಕೂ ಮುಗಿದಾಗ
ಮೇಜಿನ ಮೇಲೆ ಎಡಗೈಯ ಬಡಿತ:
ಎರಡು ಸಲ, ತಡೆದು ಇನ್ನೊಂದು.

ಈ ಒಂದಕ್ಕೆ ಮಾತ್ರ ಅನುಮತಿ, ಅಂತ ಒತ್ತಿದೆ.
ಕಾವಲು ಇದ್ದಲ್ಲೇ ಇತ್ತು.

ಯಂತ್ರ ಗುಡುಗಿತು, ಮೇಜು ನಡುಗಿತು.
ಮೂರನೇ ತರಗತಿಯ ಲೆಕ್ಕದ ಪುಸ್ತಕ,
ಮೊದಲ ಹಾಳೆ, ಬೆಚ್ಚಗೆ.
ಬೆರಳಾಡಿಸಿದೆ. ಪ್ರತಿ ಅಲ್ಪವಿರಾಮದ ಮುಂದೆ
ಒಂದರ ಬದಲು ಎರಡು ಖಾಲಿ ಜಾಗ.
ಎಷ್ಟು ವರ್ಷ ಬೈದಿದ್ದೆ, ತಿದ್ದೋ ಮಾರಾಯ ಎಂದು!
ಇವತ್ತು ಆ ಖಾಲಿಯ ಮೇಲೆ
ಬೆರಳು ಇಟ್ಟವನು
ಸ್ವಲ್ಪ ಹೊತ್ತು ತೆಗೆಯಲಿಲ್ಲ.