ಬಿಳಿ ಪಟ್ಟಿ

ಎರಡು ಧಾರಾವಾಹಿ, ಒಂದೇ ಕಸುಬು:
ನಗಿಸುವವರ ಬೆನ್ನ ಹಿಂದಿನ ಗೋಡೆ.

ಮೊದಲನೆಯದರಲ್ಲಿ ಎಲ್ಲರೂ ನಡೆಯುತ್ತಲೇ ಮಾತಾಡುತ್ತಾರೆ,
ಉದ್ದದ ಕಾರಿಡಾರು, ದೇಶದ ಗತಿ, ಕಲೆಯ ಮಾನ.
ಒಂದು ಸ್ಕಿಟ್ಟು ಕೈಬಿಟ್ಟರೂ ಪಿಟೀಲು ಅಳುತ್ತದೆ.
ಇನ್ನೊಂದರಲ್ಲಿ ಯಾರೋ ಯಾರದೋ ಸ್ಯಾಂಡ್‌ವಿಚ್ ಕದ್ದು
ಇಡೀ ಕಂತು ಅದರದೇ ಪಂಚಾಯಿತಿ.

ಕ್ವೀನ್ಸ್‌ನ ಮೂರನೇ ಮಹಡಿಯಲ್ಲಿ ವಿಲ್ಮಾ ಪ್ರೊಹಾಸ್ಕ
ಎರಡನ್ನೂ ನೋಡುತ್ತಾಳೆ,
ಊದಿದ ಮಣಿಕಟ್ಟಿಗೆ ಬಿಸಿನೀರ ಚೀಲ ಒತ್ತಿಕೊಂಡು.
ಹತ್ತೊಂಬತ್ತು ವರ್ಷ ಕ್ಯಾಮೆರಾದ ಮಗ್ಗುಲಲ್ಲಿ
ಮಾತು ಬರೆದ ರಟ್ಟು ಹಿಡಿದು ನಿಂತವಳು.
ಒಬ್ಬೊಬ್ಬ ನಟನಿಗೆ ಒಂದೊಂದು ಬಣ್ಣ.

"ಇದು ಸುಳ್ಳು. ಭಾಷಣಕ್ಕೆ ಪುರುಸೊತ್ತೆಲ್ಲಿತ್ತು ನಮಗೆ?
ಅದೂ ಸುಳ್ಳೇ.
ಸ್ಯಾಂಡ್‌ವಿಚ್ ಮಾತ್ರ ನಿಜ. ಕದ್ದವಳು ನಾನು."

ಪಕ್ಕದ ಮನೆಯ ಗಯಾನಾ ಹುಡುಗ ಖೇಮ್‌ರಾಜ್ ಕೇಳುತ್ತಾನೆ:
ಮತ್ತೆ, ಹೇಗಿತ್ತು?

ಚೀಲ ತಣ್ಣಗಾಗಿದೆ. ಆಕೆ ಅದನ್ನು ಮಗುಚುತ್ತಾಳೆ.

"ಲೊರೆಲ್ ಅಂತ ಹೊಸ ಹುಡುಗಿ, ಹಸಿರು ಬಣ್ಣ.
ಆ ರಾತ್ರಿ ಅವಳಿಗಿದ್ದದ್ದು ಒಂದೇ ಸಾಲು.
ನೇರ ಪ್ರಸಾರಕ್ಕೆ ಆರು ನಿಮಿಷ ಇರುವಾಗ
ಅದನ್ನೂ ತೆಗೆ ಅಂದರು.
ಬಿಳಿ ಪಟ್ಟಿ ಅಂಟಿಸಬೇಕಿತ್ತು.
ನಾನು ಅಂಟಿಸಲಿಲ್ಲ."

ಓದಿದಳೇ?

"ಓದಿದಳು. ಚೆನ್ನಾಗೇ ಓದಿದಳು.
ಆ ಧಾರಾವಾಹಿಯಾಗಿದ್ದರೆ ಸಭೆ ಎದ್ದು ನಿಂತು ಚಪ್ಪಾಳೆ.
ಈ ಧಾರಾವಾಹಿಯಾಗಿದ್ದರೆ ಅದೇ ಗಳಿಗೆಗೆ
ಹಿಂದಿನ ಪರದೆ ಕಳಚಿ ಬೀಳಬೇಕು.
ನಮ್ಮಲ್ಲಿ ಯಾರೋ ಕೆಮ್ಮಿದರು.

ನಾನು ಮುಂದಿನ ರಟ್ಟು ಎತ್ತಿದೆ."