ಇಸ್ತ್ರಿ ಹಾಕಿದ ನೋಟು

ನೋಂಗ್‌ಖಾಯ್ ದೋಣಿಕಟ್ಟೆಯ ಸಂತೆಯಲ್ಲಿ
ಪ್ಲಾಸ್ಟಿಕ್ ಬುಟ್ಟಿಯವನಿಗೂ ಒಣಮೀನಿನವಳಿಗೂ ನಡುವೆ
ಮೂರು ಅಡಿ ನನ್ನ ಅಂಗಡಿ.
ಸತ್ತ ದುಡ್ಡಿನ ವ್ಯಾಪಾರ, ಎನ್ನುತ್ತಾಳೆ ಒಣಮೀನಿನವಳು.
ಸತ್ತದ್ದನ್ನೇ ತಾನೆ ನೀನೂ ಮಾರುವುದು, ಎನ್ನುತ್ತೇನೆ.
ಹೀಗೆ ಹದಿನೆಂಟು ವರ್ಷ.

ಆಚೆ ದಡದಿಂದ ಮೊದಲ ದೋಣಿಗೆ ಬಂದವಳು
ಬುವಾವನ್ ದೊಡ್ಡಮ್ಮ. ಹೆಸರು ಆಮೇಲೆ ತಿಳಿಯಿತು.
ಮೊದಲು ಕಂಡದ್ದು ಹಾಲುಪುಡಿಯ ಹಳೆ ಡಬ್ಬಿ,
ಡಬ್ಬಿಯೊಳಗೆ ಬಟ್ಟೆ, ಬಟ್ಟೆಯೊಳಗೆ ಇನ್ನೊಂದು ಬಟ್ಟೆ,
ಅದರೊಳಗೆ ಅಂಗಾತ ಮಲಗಿದ್ದ ಐನೂರು ಕಿಪ್,
ಲಾವೋಸಿಗೆ ರಾಜನಿದ್ದ ಕಾಲದ್ದು.

ನಾನು ಅವಸರಪಡುವುದಿಲ್ಲ. ಮೊದಲು ಕಿವಿ.
ಅಂಚು ಹಿಡಿದು ಒಮ್ಮೆ ಅಲುಗಿಸಿದರೆ
ಮುಟ್ಟದ ನೋಟು ಒಣ ತಾಳೆಗರಿಯ ಹಾಗೆ ಮಾತಾಡುತ್ತದೆ.
ಇದು ಮಾತಾಡಲಿಲ್ಲ.
ಆಮೇಲೆ ಬೆಳಕು. ಎತ್ತಿ ಹಿಡಿದೆ:
ಖಾಲಿ ಬಿಳುಪಿನೊಳಗಿಂದ ಮೂರು ತಲೆಯ ಆನೆ
ನೀರಿನಿಂದ ಏಳುವಂತೆ ಎದ್ದು ಬಂತು. ಸಾಚಾ.
ಆಮೇಲೆ ಸಹಿ. ಇದೇ ನೋಟಿಗೆ ಬೇರೆ ಸಹಿ ಬಿದ್ದಿದ್ದರೆ
ಬ್ಯಾಂಕಾಕಿನವರು ಹತ್ತುಪಟ್ಟು ಎಣಿಸಿ ಒಯ್ಯುತ್ತಿದ್ದರು.
ಇದು ಮೂಟೆಗಟ್ಟಲೆ ಸಿಕ್ಕುವ ಸಹಿ.
ಕೊನೆಗೆ ಬೆರಳು.
ರಾಜನ ಕೊರಳಪಟ್ಟಿಯ ಮೇಲೆ ಉಗುರು ಎಳೆದರೆ
ಶಾಯಿ ಉಬ್ಬಿ ತಡೆಯಬೇಕು. ತಡೆಯಲಿಲ್ಲ.
ತುಳಿದು ಸವೆದ ಹೊಸಿಲಿನಂತೆ ನುಣ್ಣಗೆ.

"ಇಸ್ತ್ರಿ ಹಾಕಿದಿರಾ?"
ಮುಖ ಅರಳಿತು. "ನಿನ್ನೆ ರಾತ್ರಿ.
ಮೇಲೊಂದು ಒದ್ದೆ ಬಟ್ಟೆ ಹಾಸಿ, ಮೆಲ್ಲಗೆ.
ಎಂಟು ಮಡಿಕೆ ಇತ್ತು. ರಾಜನಲ್ಲವೇ,
ಸುಕ್ಕು ಮುಖದಲ್ಲಿ ಕರೆತರುವುದು ಹೇಗೆ?"

ಈ ಕಸುಬಿನಲ್ಲಿ ಅದೊಂದೇ ಪಾಪ.
ಮಡಿಕೆಯನ್ನು ಕ್ಷಮಿಸುತ್ತೇವೆ, ಕಲೆಯನ್ನು ಕ್ಷಮಿಸುತ್ತೇವೆ,
ಗೆದ್ದಲು ತಿಂದ ಮೂಲೆಗೂ ಒಂದು ದರವಿದೆ;
ಸುಕ್ಕು ಅಳಿಸಿದ್ದಕ್ಕೆ ಇಲ್ಲ.
ಹೇಳಲೇಬೇಕಾಯಿತು. ಹೇಳಿದೆ.
ಒಂದು ಗಳಿಗೆ ಅವಳು ತನ್ನ ಕೈಗಳನ್ನೇ ನೋಡಿದಳು,
ಬೇರೆಯವರ ಮನೆಯಲ್ಲಿ ಲೋಟ ಒಡೆದ
ಮಕ್ಕಳನ್ನು ನೋಡುವಂತೆ.

ಆಮೇಲೆ ತಾನಾಗಿ ಶುರುಮಾಡಿದಳು, ನಾನು ಕೇಳಿರಲಿಲ್ಲ:
ಅಮ್ಮ ಒಂದು ಮದುವೆಗೆ ರೇಷ್ಮೆಯ ಸಿನ್ ನೇಯ್ದಳು,
ಸೊಂಟಕ್ಕೆ ಸುತ್ತುವುದು, ಅಂಚಿಗೆ ಸಾಲು ಸಾಲು ಮರಿನಾಗಗಳು,
ಇಪ್ಪತ್ತಾರು ದಿನದ ಕೆಲಸ.
ಕೂಲಿ ಬಂತು, ಇಂಥವೇ ನೋಟುಗಳ ಒಂದು ಕಟ್ಟು.
ಅದರ ಬೆನ್ನಿಗೇ ಹಣ ಬದಲಾಯಿತು.
ಹಳೆಯದನ್ನು ಕೊಟ್ಟು ಹೊಸದು ಪಡೆಯಲು ಇದ್ದ ದಿನಗಳಲ್ಲಿ
ಅಮ್ಮ ನನ್ನ ತಂಗಿಯನ್ನು ಹೆರುತ್ತಿದ್ದಳು.
ಕೆಲವು ನೋಟು ಗೋಡೆಯ ಸಂದಿಗೆ ಹೋದವು, ಕೆಲವು ಒಲೆಗೆ,
ಕೆಲವನ್ನಿಟ್ಟು ನಾವು ಅಂಗಡಿಯಾಟ ಆಡಿದೆವು,
ಆ ತಂಗಿಯೇ ದೊಡ್ಡ ಸಾಹುಕಾರ್ತಿ.
ಇದೊಂದು ಮಾತ್ರ ನಮ್ಮ ಕೈಗೆ ಸಿಗಲಿಲ್ಲ.
"ನನಗೆ ಕೊಡಬೇಕು," ಎನ್ನುತ್ತಿದ್ದಳು ಅಮ್ಮ,
ಯಾರು ಎಂದು ಹೇಳದೆ.

ಕ್ಯಾಟಲಾಗು ತೆರೆದೆ, ಮುಚ್ಚಿದೆ.
ಸಹಿ, ಇಸ್ತ್ರಿ, ಅಂಚಿನ ಒಂದು ಸೂಜಿತೂತು, ಎಲ್ಲ ಕಳೆದು
ನೂರಿಪ್ಪತ್ತು ಬಾತ್ ಎಂದೆ.
ಕತೆ ಕೇಳಿದ್ದಕ್ಕೆ ಇನ್ನೂರು ಎನ್ನಬಹುದಿತ್ತು.
ಕತೆಗೂ ದರ ಕಟ್ಟುವವನ ಅಂಗಡಿ
ಮೂರು ಅಡಿಯೂ ಉಳಿಯುವುದಿಲ್ಲ, ನನ್ನ ಮಾವ ಹೇಳಿದ್ದು.

ಎತ್ತಿಕೊಂಡು ಹೋಗಿಬಿಡುತ್ತಾಳೆ ಅಂದುಕೊಂಡೆ.
ಬಹಳ ಜನ ಹಾಗೆ; ಬೆಲೆ ಕೇಳಿದ ಮೇಲೆ ನೆನಪಿಗೆ ತೂಕ ಬರುತ್ತದೆ.
ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು:
ದೋಣಿ ಹೋಗಿಬರಲು ಇಷ್ಟು, ಒಂದು ಬಟ್ಟಲು ಶಾವಿಗೆಗೆ ಇಷ್ಟು,
"ಕೊಡು. ಅಮ್ಮನ ಕೂಲಿ ವಸೂಲಾಗಲಿ.
ತಡವಾಯಿತು, ಅಷ್ಟೇ."

ನೂರರದೊಂದು, ಇಪ್ಪತ್ತರದೊಂದು ಎಣಿಸಿ ಕೊಟ್ಟೆ.
ಅವಳು ಒಳಗಿಡಲಿಲ್ಲ.
ನೂರರ ನೋಟನ್ನು ಕಿವಿಯ ಬಳಿ ಅಲುಗಿಸಿದಳು.
ನದಿಯ ಕಡೆ ತಿರುಗಿ ಬೆಳಕಿಗೆ ಹಿಡಿದಳು,
ನಮ್ಮ ರಾಜ ಬಿಳುಪಿನೊಳಗಿಂದ ಬರುವವರೆಗೂ ಕಾದಳು.
ಉಗುರು ಎಳೆದಳು.
"ಇದಕ್ಕೆ ಇಸ್ತ್ರಿ ಹಾಕಿಲ್ಲ ತಾನೆ?"
ಒಣಮೀನಿನವಳು ನಗಲು ಶುರುಮಾಡಿದವಳು
ದೋಣಿ ಬಿಟ್ಟ ಮೇಲೂ ನಿಲ್ಲಿಸಲಿಲ್ಲ.