ಒಂದೂವರೆ ಗಂಟೆಯ ಸ್ವಿಚ್ಚು

ಮೂರು ಡಿಸೆಂಬರ್ ಕಳೆಯಿತು. ಜೆಸಿಂತಾ ಬಾಯಿ ಕೊಟ್ಟ
ಕ್ರಿಸ್ಮಸ್ ಕಳ್ಳಿ ಹಸಿರಾಗಿಯೇ ಇದೆ, ಹೂವಿಲ್ಲ.
ಮೀನು ತೊಳೆದ ನೀರು ಹೊಯ್ದೆ.
ಎದುರಿನ ಚಿನ್ನದಂಗಡಿಯ ಬೋರ್ಡಿಗೆ ಬೈದೆ:
ಕಂಕನಾಡಿಗೆ ರಾತ್ರಿಯಾಗಲು ಬಿಡದ ಹಾಳು ಬೋರ್ಡು,
ಅದರ ಮದುಮಗಳ ಹಳದಿ ನನ್ನ ಹಾಸಿಗೆಯ ಮೇಲೂ.
ಹರಿದ ಕೊಡೆಗಳ ಕಪ್ಪು ಬಟ್ಟೆ ಬಿಚ್ಚಿ
ಹೊಲಿದು ಕಿಟಕಿಗೆ ಹೊಡೆದೆ.
ಆದರೂ ಇಲ್ಲ.

"ರಾತ್ರಿ ಅಲ್ಲಿ ಯಾರು ಎದ್ದಿರುತ್ತಾರೆ?" ಕೇಳಿದರು ಬಾಯಿ.
"ಎರಡು ನಿಮಿಷ ದೀಪ ಹಾಕಿದರೂ ಸಾಕು,
ಅದು ಕತ್ತಲೆಯನ್ನು ಮತ್ತೆ ಒಂದರಿಂದ ಎಣಿಸಬೇಕು."

ಆಸ್ಪತ್ರೆಯ ಲ್ಯಾಬಿನಿಂದ ಒಂದೂವರೆಗೆ ಬಂದು
ಸ್ವಿಚ್ಚು ಒತ್ತುವ ಬೆರಳು
ನನ್ನದೇ.

ಈಗ ಗೋಡೆ ಹಿಡಿದು ಒಳಗೆ ಬರುತ್ತೇನೆ.
ಫ್ರಿಜ್ಜು ತೆರೆಯುವುದಿಲ್ಲ. ಮುಚ್ಚಿಟ್ಟ ಗಂಜಿ,
ವಾಸನೆ ಹಿಡಿದು ಹೋದರೆ ಸಿಗುವ ಉಪ್ಪಿನಕಾಯಿ ಭರಣಿ.
ಸಂಜೆಯಿಂದ ಊರವರ ರಕ್ತಕ್ಕೆ ದೀಪ ಹಿಡಿದ ಕಣ್ಣು
ಇಲ್ಲಿ ಏನನ್ನೂ ನೋಡಬೇಕಾಗಿಲ್ಲ.
ಉಣ್ಣುವ ಸದ್ದು ಮಾತ್ರ. ಒಮ್ಮೆ ಮೇಜಿನ ಮೂಲೆ
ಮೊಣಕಾಲಿಗೆ.

ನಿನ್ನೆ ಎಲೆಯ ತುದಿಯಲ್ಲಿ
ಕುಚ್ಚಲಕ್ಕಿ ಕಾಳಿನಷ್ಟು ಏನೋ ತಾಗಿತು.
ಮೊಬೈಲು ಹುಡುಕುತ್ತ ಕೈ ಚೀಲದೊಳಗೆ ಹೋಯಿತು,
ಅಲ್ಲೇ ನಿಂತಿತು.
ಬೆಳಗಾಗಲು ಇನ್ನೂ ನಾಲ್ಕು ಗಂಟೆ.